ಸೊಸೆಯ ಚೀಟಿ, ಅತ್ತೆಯ ಚೀಟಿ

ಭಾಲ್ಕಿಯ ಅನುಸೂಯಾಬಾಯಿಯದು ದಾಸೋಹದಲ್ಲಿ ಜಾತಿ ಕೇಳದೆ ಬಡಿಸುವ ಕೈ. ಅದೇ ಕೈ ಏಳು ತಿಂಗಳ ಬಸುರಿ ಸೊಸೆ ವಿಜಯಶ್ರೀಗೆ ಬಾಗಿಲಾಚೆ ಬೇರೆ ತಾಟು ಇಟ್ಟಿತು. ಬಸುರಿಯರಿಗೆ ಮಾಡುವ ರಕ್ತಪರೀಕ್ಷೆಯಲ್ಲಿ ಹೆಪಟೈಟಿಸ್ ಬಿ ಬಂದಿತ್ತು. ಲಿವರಿಗೆ ತಗಲುವ ಸೋಂಕು ಅದು.

"ಎಲ್ಲಿಂದ ತಂದಿ ಇದನ್ನ?" ಎಂದು ಕೇಳಿ, ಅವಳನ್ನು ತವರೂರು ಚಿಂತಾಕಿಗೆ ಅಟ್ಟಿದಳು. ಚೊಚ್ಚಲ ಹೆರಿಗೆ ತವರಿನದೇ ಎಂಬ ನೆಪ ಬೇರೆ ಸಿಕ್ಕಿತು. ಮಗ ಅಮಿತಕುಮಾರನೇ ಅವಳ ಚೀಲ ಹೊತ್ತು ಬಸ್ಸಿನವರೆಗೆ ಬಿಟ್ಟುಬಂದ. ಆ ಹುಡುಗಿ ಅಳುತ್ತ ಬಸ್ಸು ಹತ್ತಿದಳು.

ಆಶಾ ಕಾರ್ಯಕರ್ತೆ ಮರಿಯಮಬೀ ಬಿಡಬೇಕಲ್ಲ! ತಾಯಿ, ಮಗ ಇಬ್ಬರನ್ನೂ ಪರೀಕ್ಷೆಗೆ ಎಳೆದೊಯ್ದಳು. ಚೀಟಿ ಬಂದ ದಿನ ಅಮಿತ ಓದಿದ. ಇಬ್ಬರದೂ ಪಾಸಿಟಿವ್.

"ನೋಡು, ನನ್ನ ಮಗಗೂ ಹಚ್ಚಿಬಿಟ್ಟಳು!" ಎಂದಳು ಅನುಸೂಯಾಬಾಯಿ.

"ಗಡಿಬಿಡಿ ಮಾಡಬ್ಯಾಡ್ರಿ ಅಕ್ಕಾ," ಎಂದಳು ಮರಿಯಮಬೀ. "ಯಾವ ಪರೀಕ್ಷಾ ಪಾಸಿಟಿವ್ ಅದ, ಅದನ್ನ ನೋಡಬೇಕ್ರಿ. ಅಮಿತಂದು ಆ್ಯಂಟಿ-ಎಚ್‌ಬಿಎಸ್. ಅಂದ್ರ ಮೈಯಾಗ ರಕ್ಷಣಾ ಬಂದದ, ಛಲೋ ಸುದ್ದಿ. ಎಚ್‌ಬಿಎಸ್‌ಎಜಿ ಪಾಸಿಟಿವ್ ಬಂದ್ರ ಸೋಂಕು ಒಳಗ ಅದ ಅಂತ."

"ಹಂಗಾರ ನಂದು?"

"ನಿಮ್ಮದು ಎಚ್‌ಬಿಎಸ್‌ಎಜಿರಿ. ಸೊಸೀದೂ ಅದೇ."

"ನನಗ ಏನೂ ತ್ರಾಸ ಇಲ್ಲಲ್ಲ..."

"ಎಷ್ಟೋ ಮಂದಿಗಿ ವರ್ಷಾನುಗಟ್ಟಲೆ ಗೊತ್ತೇ ಆಗಂಗಿಲ್ರಿ. ಯಾರಿಂದ ಬಂತು ಅಂತ ಚೀಟಿ ಹೇಳಂಗಿಲ್ಲ. ಕೂಡಿ ಉಂಡ್ರ ಬರಂಗಿಲ್ಲ. ರಕ್ತದಿಂದ ಬರ್ತದ, ಒಬ್ಬರ ಸೂಜಿ, ಬ್ಲೇಡು ಇನ್ನೊಬ್ಬರು ಬಳಸಿದ್ರ ಬರ್ತದ, ಗಂಡ ಹೆಂಡತಿ ಕೂಡಿದ್ರ ಬರ್ತದ. ಹೆರಿಗಿ ಹೊತ್ತಿಗಿ ತಾಯಿಯಿಂದ ಕೂಸಿಗಿ ಬರ್ತದ. ಕೂಸು ಹುಟ್ಟಿದ ಕೂಡಲೇ, ಇಪ್ಪತ್ನಾಲ್ಕು ತಾಸಿನೊಳಗ ಲಸಿಕಿ, ಅದರ ಜೋಡಿ ಎಚ್‌ಬಿಐಜಿ ಅನ್ನೋ ಇಂಜೆಕ್ಷನ್ ಬೀಳಬೇಕು. ಅಕಿ ಚಿಂತಾಕ್ಯಾಗ ತವರ ಮನ್ಯಾಗೇ ಹಡೆದ್ರ ಯಾರು ಹಾಕ್ತಾರ್ರಿ?"

ಅನುಸೂಯಾಬಾಯಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ತನ್ನ ಮೈಯೊಳಗೂ ಇದ್ದದ್ದಕ್ಕೆ ಸೊಸೆಯೊಬ್ಬಳನ್ನೇ ಹೊರಗೆ ಹಾಕಿದ್ದಳು. ಹುಟ್ಟಬೇಕಾದ ಕೂಸಿನ ಜೀವಕ್ಕೇ ಕುತ್ತು ತಂದಿದ್ದಳು.

ಮರುದಿನವೇ ಚಿಂತಾಕಿಗೆ ಹೋಗಿ, ಬೀಗರ ಎದುರಿಗೇ ಕೈಮುಗಿದಳು. "ತಪ್ಪಾಗ್ಯಾದವ್ವಾ. ನನಗೂ ಅದೇ ಅದ. ನಡಿ, ಮನಿಗಿ ಹೋಗಮಿ."

ವಿಜಯಶ್ರೀ ಎಂದಳು:

"ಕೂಸಿನ ಸಲುವಾಗಿ ಬೀದರ ದವಾಖಾನಿಗಿ ಬರ್ತೇನ್ರಿ ಅತ್ತಿ. ಮನಿಗಿ ಬರೂದು ಆಮ್ಯಾಲ ನೋಡ್ತೇನಿ."

ಕೂಸು ಆಸ್ಪತ್ರೆಯಲ್ಲೇ ಹುಟ್ಟಿತು. ಎರಡೂ ಸೂಜಿ ಅದೇ ದಿನ ಬಿದ್ದವು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಚೀಟಿಯಲ್ಲಿ ಪಾಸಿಟಿವ್ ಕಂಡರೆ ಯಾವ ಪರೀಕ್ಷೆಯದು ಎಂದು ಮೊದಲು ಕೇಳಿ. ಮನೆಮಂದಿಯೆಲ್ಲ ಪರೀಕ್ಷೆ ಮಾಡಿಸಿಕೊಳ್ಳಿ. ಸೋಂಕಿದ್ದವರು ವೈದ್ಯರನ್ನು ಕಾಣಿ, ರಕ್ಷಣೆ ಇಲ್ಲದವರು ಲಸಿಕೆ ಹಾಕಿಸಿಕೊಳ್ಳಿ. ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ. ಸೋಂಕಿದೆಯೆಂದು ಯಾರನ್ನೂ ಮನೆಯಿಂದ ಅಟ್ಟಬೇಡಿ. ಆಮೇಲೆ ಕೈಮುಗಿದು ಕರೆದರೂ ಅವರು ಬಂದೇ ಬರುತ್ತಾರೆ ಎಂದೇನಿಲ್ಲ.