ವಿಶಾಲಮ್ಮನ ಆಕಳಿಕೆ

ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಷಡಕ್ಷರಪ್ಪನಿಗೆ ಯುಗಾದಿಯಿಂದಲೂ ಹೆಂಡತಿಯ ಫೋನಿನ ಮೇಲೆ ಹೊಟ್ಟೆಕಿಚ್ಚು. ಫೋನಿನ ಮೇಲೂ ಅಲ್ಲ, ಅದರೊಳಗೆ ಸೇರಿಕೊಂಡ ಡಾಕ್ಟರ್ ಸಮ್ಯಕ್ ಮೇಲೆ. ಬೆಂಗಳೂರಿನಲ್ಲಿ ಮಿದುಳಿನ ಸಂಶೋಧನೆ ಮಾಡುವ ಈ ಮನುಷ್ಯ, ಮೈಗ್ರೇನ್ ಇರುವವರನ್ನು ಈ ಸೀಮೆಯಲ್ಲೆಲ್ಲ ಹುಡುಕಿ, ನೋವು ಬರುವಾಗ ಏನೇನು ಆಗುತ್ತದೋ ಫೋನಿನಲ್ಲಿ ಹೇಳಿ ಕಳಿಸಿ ಎಂದಿದ್ದ. ವಿಶಾಲಮ್ಮ ಅಡುಗೆಮನೆ ಬಾಗಿಲು ಒರಗಿಸಿಕೊಂಡು ಹೇಳುತ್ತಿದ್ದಳು. ಅದೂ ಎಂಥ ಮೆತ್ತನೆ ದನಿ!

"ಬಳೆಚೂರು ಬಿಸಿಲಿಗೆ ಹಿಡಿದಂಗೆ ಮಿಣಮಿಣ ಅಂತಾವೆ ಸರ್. ಅಂಚೆಲ್ಲ ಗರಗಸದ ಹಲ್ಲು. ಮಧ್ಯ ಕತ್ತಲೂ ಅಲ್ಲ ಸರ್, ಏನೂ ಇಲ್ಲ."

ಮದುವೆಯಾಗಿ ಇಷ್ಟು ವರ್ಷಕ್ಕೆ ಗಂಡನಿಗೆ ಅವಳು ಹೇಳಿದ್ದು "ತಲೆನೋವು" ಅಂತಷ್ಟೇ. ಆಮೇಲೆ ಕೋಣೆಯ ಬಾಗಿಲು ಮುಚ್ಚುತ್ತಿತ್ತು. ಬಳೆಚೂರಿನ ಸಂಗತಿಯನ್ನು ಅವನು ಕದ್ದು ಕೇಳಬೇಕಾಯಿತು.

"ನಂಗ್ಯಾಕೆ ಹೇಳ್ಲಿಲ್ಲ ಇದ್ನ?"

"ಅವರು ಕೇಳ್ತಾರೆ, ಹೇಳ್ತೀನಿ."

ಬೇಲೂರಿನ ಶಾಲೆಯೊಂದರಲ್ಲಿ ಡಾಕ್ಟರು ಎಲ್ಲರನ್ನೂ ಸೇರಿಸಿದ ದಿನ, ಷಡಕ್ಷರಪ್ಪ ಕೊಬ್ಬರಿ ಮಂಡಿಯ ಕೆಲಸ ಬಿಟ್ಟು, ಇಸ್ತ್ರಿ ಅಂಗಿ ತೊಟ್ಟು, ಮೀಸೆಗೆ ಕಪ್ಪು ತೀಡಿಕೊಂಡು ತಾನೂ ಹೊರಟ. ಬಸ್ಸಿನಲ್ಲಿ ವಿಶಾಲಮ್ಮ ಒಂದರ ಹಿಂದೊಂದು ಆಕಳಿಸಿದಳು. ಅವನು ಕಂಡೂ ಕಾಣದವನಂತೆ ಕೂತ. ಅಲ್ಲಿ ನೋಡಿದರೆ ಸಮ್ಯಕ್ ಸಣಕಲು ಆಳು, ಬೋಳುತಲೆ. ಷಡಕ್ಷರಪ್ಪನ ಹೊಟ್ಟೆಯುರಿ ಇನ್ನೂ ಹೆಚ್ಚಿತು. ರೂಪಕ್ಕೆ ಸೋತಿದ್ದಾಳೆ ಅಂದಿದ್ದರೆ ಒಂದು ಸಮಾಧಾನವಿತ್ತು. ಇವನು ಗೆದ್ದಿದ್ದು ಬರೀ ಕಿವಿಯಿಂದ!

"ಮಿದುಳಿನ ಹಿಂಬದಿಯಲ್ಲಿ ಒಂದು ಅಲೆ ಏಳುತ್ತೆ, ಇರುವೆಗಿಂತ ನಿಧಾನ," ಎಂದ ಸಮ್ಯಕ್. "ವಿಶಾಲಮ್ಮನೋರು ಹೇಳಿದ ಬಳೆಚೂರು ಅದರದ್ದೇ ಕೆಲಸ. ಆದ್ರೆ ಅದಕ್ಕೂ ಗಂಟೆಗಟ್ಟಲೆ ಮುಂಚೆ ಮಿದುಳಿನ ಒಳಗೆ ಇನ್ನೇನೋ ಶುರುವಾಗಿರುತ್ತೆ. ಎಷ್ಟೋ ಸಲ ನೋವಿರೋರಿಗೇ ಅದು ಗೊತ್ತಾಗಲ್ಲ. ಮನೆಯೋರು ಯಾರಾದ್ರೂ ಗಮನಿಸಿದೀರಾ?"

ಷಡಕ್ಷರಪ್ಪ ಎದ್ದೇ ನಿಂತ. ಇವನಿಗೆ ಗೊತ್ತಿಲ್ಲದ್ದು ನನಗೆ ಗೊತ್ತು!

"ಆಕಳಿಸ್ತಾಳೆ ಸ್ವಾಮಿ. ಬೆಳಿಗ್ಗೆ ಆಕಳಿಸಿದ್ರೆ ಸಂಜೆಗೆ ನೋವು ಗ್ಯಾರಂಟಿ. ಬೆಲ್ಲದ ಡಬ್ಬಿಗೆ ಕೈ ಹೋಯ್ತದೆ. ಕತ್ತು ಉಜ್ಕೋತಾಳೆ. ಸೊಸೆ ಲೋಟ ಕೆಳಗಿಟ್ರೂ ಸಿಡುಕ್ತಾಳೆ."

"ಭೇಷ್! ಇಷ್ಟೆಲ್ಲ ಹೆಂಗೆ ಗಮನಿಸಿದ್ರಿ?"

"ಗಮನಿಸ್ದೆ ಇರಕ್ಕಾಯ್ತದಾ? ಆಕಳಿಕೆ ಕಂಡ ತಕ್ಷಣ ನಾನು ಹಳೇಬೀಡಿನ ಬಸ್ ಹತ್ತಬೇಕಲ್ಲ! ಅಲ್ಲಿ ದೋಸ್ತು ಮಹಾಂತೇಶಂದು ಅಂಗಡಿ ಐತೆ. ಇವಳ ನೋವು ಇಳಿಯೋಗಂಟ..."

ಮಾತು ಅಲ್ಲೇ ಸಿಕ್ಕಿಕೊಂಡಿತು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ವಿಶಾಲಮ್ಮ ನಗಲಿಲ್ಲ.

"ವ್ಯಾಪಾರಕ್ಕೆ ಅಂತಿದ್ರಿ," ಎಂದಳು ಅಷ್ಟೇ.

ವಾಪಸು ಬರುವ ಬಸ್ಸಿನಲ್ಲಿ ಅವಳು ಕಿಟಕಿ ಪಕ್ಕ ಕೂತು ಕತ್ತು ಉಜ್ಜಿಕೊಂಡಳು. ಹಳೇಬೀಡಿನಲ್ಲಿ ಬಸ್ ನಿಂತಾಗ ಕಣ್ಣು ಕಿರಿದು ಮಾಡಿ, "ಇಳೀರಿ. ಮಹಾಂತೇಶಣ್ಣ ಕಾಯ್ತಿರ್ತಾರೆ," ಎಂದಳು. ಬ್ಯಾಗಿನಿಂದ ಫೋನು ತೆಗೆದಳು.

"ಯಜಮಾನ್ರೇ, ಇಳಿಯೋರಿದ್ರೆ ಬೇಗ ಇಳೀರಿ," ಎಂದ ಕಂಡಕ್ಟರ್.

"ಅರಸೀಕೆರೆಗೆ ಟಿಕೆಟ್ ತಗೊಂಡಿದೀನಿ ಕಣಯ್ಯಾ, ಹೋಗು!"

ಷಡಕ್ಷರಪ್ಪ ಫೋನಿನ ಮೇಲೆ ಕೈ ಮುಚ್ಚಿದ. "ಏನ್ ಕಾಣ್ತೈತೆ, ಮೊದ್ಲು ನಂಗೆ ಹೇಳೇ."

"ನಿಮಗ್ಯಾಕೆ?"

"ಆ ಬೋಳನಿಗೆ ನಂಗಿಂತ ಮುಂಚೆ ಗೊತ್ತಾಗೋದು ತಡಿಯಕ್ಕಾಗಲ್ಲ ಕಣೇ."

ಅವಳು ಅವನನ್ನೇ ನೋಡಿದಳು. ಆಮೇಲೆ ನಿಧಾನಕ್ಕೆ ಹೇಳಿದಳು: "ಕಂಡಕ್ಟರ್‌ಗೆ ಬಲಗಡೆ ಮುಖ ಇಲ್ಲ."

ಅವನು ತಿರುಗಿ ನೋಡಿದ. ಕಂಡಕ್ಟರನ ಮುಖ ಪೂರ್ತಿ ಇತ್ತು.

"ಮೀಸೆ?"

"ಅರ್ಧ ಐತೆ."

"ನಂದು?"

"ನಿಮ್ದೂ ಅರ್ಧಾನೇ. ಇನ್ನರ್ಧ ಬರೀ ಬಳೆಚೂರು."

ಅವನು ಹೆಗಲ ಮೇಲಿನ ಟವಲು ಬಿಚ್ಚಿ, ಅವಳ ಕಣ್ಣಿಗೆ ಬಿಸಿಲು ಹೊಡೆಯದಂತೆ ಕಿಟಕಿಗೆ ಅಡ್ಡ ಹಿಡಿದ. ಬಸ್ ಹೊರಟಿತು.

"ಈಗ ಸರ್‌ಗೆ ಹೇಳ್ಲಾ?" ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ತಾಳು," ಎಂದ ಷಡಕ್ಷರಪ್ಪ. "ಜಾವಗಲ್ ದಾಟೋಗಂಟ ನಂಗೊಬ್ಬನಿಗೇ ಗೊತ್ತಿರ್ಲಿ."