ಹಳಿಯ ಈಚೆಗೆ ಬಾವಿ

ಅಕ್ಕ ಹಲಗೆಯ ಮೇಲೆ ಬಗ್ಗಿದ್ದೇ ತಡ, ಗಡಿಯಾರ ರಿಪೇರಿಯ ತಮ್ಮನ ಕೈಯಲ್ಲಿದ್ದ ಚಿಮುಟ ಗಾಳಿಯಲ್ಲೇ ನಿಂತಿತು. ಅವಳ ಕಣ್ಣಿನ ಪಟ್ಟಿಯನ್ನು ಅಂದು ಬೆಳಿಗ್ಗೆಯಷ್ಟೇ ಬಿಚ್ಚಿದ್ದರು.

ಪೊರೆ ತೆಗೆಸಿಕೊಳ್ಳಲೆಂದು ಅವಳು ತಮ್ಮನ ಮನೆಗೆ ಬಂದು ವಾರವಾಗಿತ್ತು. ಮನೆಯಲ್ಲಿ ಹೆಚ್ಚಿಗೆ ಇದ್ದದ್ದು ಒಂದೇ ಕೋಣೆ, ಅದರ ಮುಕ್ಕಾಲು ಪಾಲನ್ನು ಅವನು ಹಲಗೆಯ ಮೇಲೆ ಕಟ್ಟುತ್ತಿದ್ದ ಪುಟ್ಟ ರೈಲಿನ ಊರು ನುಂಗಿಹಾಕಿತ್ತು. ಅತ್ತಿಗೆ ಬರುವ ಮೊದಲು ಇದನ್ನೆಲ್ಲ ಎತ್ತಿಡಿ ಎಂದು ಹೆಂಡತಿ ಹೇಳಿ ಹೇಳಿ ಸೋತಿದ್ದಳು. ಕೊನೆಗೆ ಅಕ್ಕನೇ ಇರಲಿ ಬಿಡು ಎಂದು ಗೋಡೆಯ ಪಕ್ಕಕ್ಕೆ ಮಂಚ ಎಳೆಸಿಕೊಂಡಿದ್ದಳು. ಮಂಜುಗಣ್ಣಿಗೆ ಏನೂ ಸರಿಯಾಗಿ ಕಾಣುವುದಿಲ್ಲವೆಂದು ಅವನಿಗೆ ಒಳಗೊಳಗೇ ಸಮಾಧಾನವಿತ್ತು.

ಮೂರು ವರ್ಷದಿಂದ, ಅಂಗಡಿಗೆ ರಜೆಯಿದ್ದಾಗಲೆಲ್ಲ ಅವನು ಇಲ್ಲೇ ಕೂರುತ್ತಿದ್ದ. ಮರದ ಪುಡಿಗೆ ಹಸಿರು ಬಣ್ಣ ಕಲಸಿ ಹುಲ್ಲು ಮಾಡಿದ್ದ. ಕೆಟ್ಟ ಗಡಿಯಾರಗಳ ಹಲ್ಲುಚಕ್ರ ಜೋಡಿಸಿ ಗೇಟು ಏರಿ ಇಳಿಯುವಂತೆ ಮಾಡಿದ್ದ. ಇದು ಯಾವ ಊರು ಎಂದು ಕೇಳಿದವರಿಗೆ, ಮನಸ್ಸಿಗೆ ಬಂದದ್ದು ಎನ್ನುತ್ತಿದ್ದ.

"ಇದು ನಮ್ಮ ಗೇಟಲ್ವೇನೋ?" ಎಂದಳು ಅಕ್ಕ.

ಅವನು ಹೌದೆಂದು ತಲೆಯಾಡಿಸಿದ. ಅಪ್ಪ ಗೇಟು ಕಾಯುತ್ತಿದ್ದ ಜಾಗ ಅದು. ಹಳಿಗೆ ಅಂಟಿಕೊಂಡಂತೆ ಒಂದು ಕೋಣೆಯ ಮನೆ. ಅಕ್ಕನ ಬೆರಳು ಮೆಲ್ಲಗೆ ಸರಿಯಿತು. ಮೂರು ಮೆಟ್ಟಿಲು, ನೀಲಿ ಕಿಟಕಿ, ಒಂದು ಕಡೆಗೆ ವಾಲಿದ ಬೇಲಿ. ಒಂದೊಂದಕ್ಕೂ ಹೂಂ ಎಂದಳು. ಆಮೇಲೆ ಬೆರಳು ನಿಂತಿತು.

"ಬಾವಿ ಈ ಕಡೆ ಇರ್ಲಿಲ್ಲ."

"ಗೊತ್ತು."

ಬಾವಿ ಇದ್ದದ್ದು ಹಳಿಯ ಆಚೆಗೆ. ಅವರ ಕೊನೆಯ ತಂಗಿ, ಆರು ವರ್ಷದವಳು, ಒಂದು ಸಂಜೆ ಅಲ್ಲಿಂದ ನೀರು ತರುವಾಗ ರೈಲಿಗೆ ಸಿಕ್ಕಿದ್ದಳು. ಆ ದಿನ ನೀರಿನ ಸರದಿ ತನ್ನದಾಗಿತ್ತೆಂದು, ಅಮ್ಮ ಕೂಗಿದ್ದು ಕೇಳಿಸಿಯೂ ಸೌದೆ ರಾಶಿಯ ಹಿಂದೆ ಅಡಗಿ ಕೂತಿದ್ದೆನೆಂದು ಅವನು ಈಗ ಹೇಳಿದ. ಐವತ್ತು ವರ್ಷದಲ್ಲಿ, ಹೆಂಡತಿಯ ಮುಂದೆ ಕೂಡ ಬಾಯಿ ಬಿಟ್ಟಿರಲಿಲ್ಲ. ಹೇಳುವಷ್ಟು ಹೊತ್ತೂ ಚಿಮುಟದ ತುದಿಯನ್ನೇ ನೋಡುತ್ತಿದ್ದ.

ಅಕ್ಕ ಮಂಚದ ಅಂಚಿಗೆ ಕೂತಳು.

"ನೀನು ಸಿಗ್ಲಿಲ್ಲ ಅಂತ ಅಮ್ಮ ನನ್ನ ಕರೆದ್ಲು ಕಣೋ. ನಾನು ಜಡೆ ಹೆಣ್ಕೋತಾ ಕೂತಿದ್ದೆ. ನೀನೇ ಹೋಗಿ ಬಾರೇ ಅಂತ ಚಿಕ್ಕೋಳ ಕೈಗೆ ಚೊಂಬು ಕೊಟ್ಟು ಕಳಿಸ್ದೋಳು ನಾನು."

ತಂಗಿಯನ್ನು ಕಳಿಸಿದ್ದು ಯಾರೆಂದು ಅವನು ಒಮ್ಮೆಯೂ ಕೇಳಿರಲಿಲ್ಲ. ಅದಾದ ಮೇಲೆ ಆ ಮನೆಯಲ್ಲಿ ನೀರಿನ ಮಾತು ಯಾರೂ ಎತ್ತಿದ್ದಿಲ್ಲ. ಅಪ್ಪನಿಗೆ ವರ್ಗವಾಗುವ ತನಕ ಅಮ್ಮ ಒಬ್ಬಳೇ ಹೋಗಿ ಸೇದಿ ತರುತ್ತಿದ್ದಳು.

ಅವನು ಬ್ಲೇಡು ತೆಗೆದುಕೊಂಡು ಬಾವಿಯ ಬುಡಕ್ಕೆ ತೂರಿಸಿದ. "ಎಲ್ಲಿತ್ತೋ ಅಲ್ಲಿಗೇ ಇಡ್ತೀನಕ್ಕ."

"ಬೇಡ," ಎಂದು ಅವಳು ಎದ್ದು ಬಂದು ಅವನ ಮಣಿಕಟ್ಟು ಹಿಡಿದಳು. "ಇಲ್ಲೇ ಇರ್ಲಿ."

ಅಷ್ಟರಲ್ಲಿ ಬಾವಿ ಕಿತ್ತು ಬಂದಿತ್ತು. ಅವನು ಹಳೆಯ ಅಂಟನ್ನು ಕೆರೆದು, ಹೊಸದಾಗಿ ಒಂದು ತೊಟ್ಟು ಹಾಕಿ, ಅದೇ ಗುರುತಿನ ಮೇಲೆ ಕೂರಿಸಿದ. ಅಂಟು ಹಿಡಿಯುವವರೆಗೆ ಒತ್ತಿಕೊಂಡಿರಬೇಕು ಎಂದಾಗ ಅಕ್ಕನೇ ಬೆರಳು ಇಟ್ಟಳು.

ಅಡುಗೆಮನೆಯಿಂದ ಹೆಂಡತಿ ಊಟಕ್ಕೆ ಎರಡು ಸಲ ಕರೆದಳು. ಇಬ್ಬರೂ ಏಳಲಿಲ್ಲ.

"ಸಾಕೇನೋ?"

"ಇನ್ನೊಂಚೂರು ಹೊತ್ತು."

ಅಕ್ಕ ಕುರ್ಚಿಯನ್ನು ಕಾಲಿನಿಂದಲೇ ಹತ್ತಿರಕ್ಕೆ ಎಳೆದುಕೊಂಡು, ಬೆರಳೆತ್ತದೆ ಕೂತಳು.