ಫ್ರಿಜ್ಜಿನೊಳಗೆ ಬಿಸಿನೀರು

ಮೊದಲ ಚೀಲ ಸೊಸೆಯ ಕೈಯಲ್ಲಿ ಮೆತ್ತಗೆ ಬಾಗಿತು. ಕಲ್ಲಿನ ಹಾಗೆ ಇರಬೇಕಾದದ್ದು. ಎರಡನೆಯದನ್ನು ತೆಗೆದಳು, ಅದೂ ಹಾಗೇ. ಮೂರನೆಯದಕ್ಕೆ ಕೈ ಹಾಕುವ ಹೊತ್ತಿಗೆ ಫ್ರೀಜರಿನ ಅಂಚಿನಿಂದ ನೀರು ತೊಟ್ಟಿಕ್ಕಿ ಅವಳ ಪಾದದ ಮೇಲೆ ಬಿತ್ತು.

"ರೀ," ಎಂದಳು. ಕೂಗಲಿಲ್ಲ.

ಮೊಮ್ಮಗಳು ಗುಬ್ಬಿಯನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ ಅಜ್ಜಿಗೆ ಆ ಒಂದು ಮಾತಿನಲ್ಲೇ ಎಲ್ಲ ತಿಳಿಯಿತು. ಸೊಸೆ ಒಂದೊಂದಾಗಿ ಚೀಲ ತೆಗೆದು ಬಟ್ಟೆ ಒಗೆಯುವ ಮೆಷೀನಿನ ಮೇಲೆ ಸಾಲಾಗಿ ಇಡತೊಡಗಿದಳು. ಇಪ್ಪತ್ತಾರು. ಎರಡು ತಿಂಗಳಿಂದ ಗುಬ್ಬಿಗೆ ಕುಡಿಸಿ ಉಳಿದ ಎದೆಹಾಲನ್ನು ಹಿಂಡಿ ಹಿಂಡಿ ಕೂಡಿಟ್ಟದ್ದು. ಆಸ್ಪತ್ರೆಯ ರಕ್ತಪರೀಕ್ಷೆ ವಿಭಾಗದಲ್ಲಿ ಕೆಲಸ ಮಾಡುವವಳು ಅವಳು. ಪ್ರತಿ ಚೀಲದ ಮೇಲೂ ತಾರೀಖು, ಗಂಟೆ, ಅಳತೆ, ಎಲ್ಲ ಮುತ್ತಿನಂಥ ಅಕ್ಷರದಲ್ಲಿ. ಸೋಮವಾರದಿಂದ ಅವಳು ಮತ್ತೆ ಕೆಲಸಕ್ಕೆ ಹೋಗಬೇಕು. ಹಗಲೆಲ್ಲ ಗುಬ್ಬಿ ಅಜ್ಜಿಯ ಬಳಿ, ಹಸಿವಾದಾಗ ಒಂದೊಂದು ಚೀಲ. ಪುಡಿ ಹಾಲನ್ನು ಬಾಯಿಗಿಟ್ಟರೆ ಗುಬ್ಬಿ ಮುಖ ಸಿಂಡರಿಸಿ ಉಗಿದುಬಿಡುತ್ತಿತ್ತು.

ಇವತ್ತು ಶುಕ್ರವಾರ.

"ಮುಟ್ಟಿ ನೋಡಿ, ಐಸ್ ಅನ್ನೋದು ಒಂದು ಚೂರೂ ಇಲ್ಲ," ಎಂದಳು ಸೊಸೆ. ನೆಗಡಿ ಜ್ವರ ಅಂತ ನಾಲ್ಕು ದಿನ ಹಾಲು ಹಿಂಡಿರಲಿಲ್ಲ, ಫ್ರೀಜರ್ ತೆರೆದಿರಲಿಲ್ಲ. ಬೇರೆಯವರಿಗೆ ಅದನ್ನು ತೆರೆಯುವ ಕೆಲಸವೇ ಇರಲಿಲ್ಲ.

ಮಗ ಫ್ರಿಜ್ಜಿನ ಕೆಳಗಿನ ಬಾಗಿಲು ತೆರೆದ. ದೀಪ ಹತ್ತಿತು. ತರಕಾರಿ, ಮೊಸರು ಎಲ್ಲ ತಣ್ಣಗೇ ಇದ್ದವು. ಬಾಗಿಲು ಹಾಕಿ ಗೋಡೆಯ ಸ್ವಿಚ್ಚು ನೋಡಿದ. ಆಮೇಲೆ ತಾಯಿಯ ಕಡೆ ತಿರುಗಿದ.

"ಅಮ್ಮಾ, ನೀನೇನಾದ್ರೂ ಆಫ್ ಮಾಡಿದ್ಯಾ?"

"ಇಲ್ಲಪ್ಪ. ನಾನ್ಯಾಕೆ ಮಾಡ್ಲಿ?"

"ಬೇಕು ಅಂತ ಮಾಡ್ದೆ ಅನ್ನಲ್ಲ ಕಣಮ್ಮ. ವಾಷಿಂಗ್ ಮೆಷೀನ್ ಸ್ವಿಚ್ಚು ಪಕ್ಕದಲ್ಲೇ ಇದೆ ನೋಡು. ಸಂಜೆ ಅದನ್ನ ಆಫ್ ಮಾಡೋವಾಗ ಇದನ್ನೂ ಮಾಡಿರ್ತೀಯ, ಬೆಳಿಗ್ಗೆ ಮತ್ತೆ ಎರಡನ್ನೂ ಆನ್ ಮಾಡಿರ್ತೀಯ. ನಿನ್ನ ಕೈ ಗೊತ್ತಲ್ಲ."

ಅಜ್ಜಿಯ ಕೈ ಮನೆಗೆಲ್ಲ ಗೊತ್ತಿತ್ತು. ಮೂವತ್ತೊಂದು ವರ್ಷ ಒಂದು ಸಾರ್ವಜನಿಕ ಗ್ರಂಥಾಲಯದಲ್ಲಿ ದುಡಿದ ಕೈ ಅದು. ಕೊನೆಯ ಓದುಗ ಎದ್ದು ಹೋದ ಮೇಲೆ ಕಿಟಕಿ ಮುಚ್ಚಿ, ಹದಿನೆಂಟು ಸ್ವಿಚ್ಚು ಆರಿಸಿ, ಬೀಗ ಹಾಕಿ ಹೊರಡುವುದು ಅವಳದೇ ಕೆಲಸವಾಗಿತ್ತು. ನಿವೃತ್ತಿಯಾಗಿ ಆರು ವರ್ಷವಾದರೂ ಸ್ವಿಚ್ಚು ಕಂಡರೆ ಬೆರಳು ತಾನಾಗಿ ಹೋಗುತ್ತಿತ್ತು. ಚಾರ್ಜಿಗೆ ಹಾಕಿದ ಮಗನ ಫೋನು, ಸೊಸೆ ಸ್ನಾನಕ್ಕೆ ಕಾಯಲಿಟ್ಟ ನೀರು, ಎಷ್ಟೋ ಸಲ ಅವಳ ಬೆರಳಿಗೆ ಬಲಿಯಾಗಿದ್ದವು. ಮಗ "ನಮ್ಮನೆ ಕತ್ತಲೆ ಇಲಾಖೆ" ಎಂದು ಗೇಲಿ ಮಾಡುತ್ತಿದ್ದ. ಅವಳೂ ನಗುತ್ತಿದ್ದಳು. ಆದರೆ ಹೋದ ತಿಂಗಳು ಒಲೆಯ ಮೇಲೆ ಹಾಲಿಟ್ಟು ಮರೆತು, ಪಾತ್ರೆ ಸೀದು ಕರಿಯಾದ ಮೇಲೆ ಆ ನಗು ಸ್ವಲ್ಪ ಕಡಿಮೆಯಾಗಿತ್ತು.

"ಹೋಗ್ಲಿ ಬಿಡಿ," ಎಂದಳು ಸೊಸೆ, ಅತ್ತೆಯ ಮುಖ ನೋಡದೆ. ಎಲ್ಲವನ್ನೂ ಅಡುಗೆಮನೆಗೆ ಒಯ್ದು, ಒಂದೊಂದೇ ಚೀಲದ ಬಾಯಿ ಕತ್ತರಿಸಿ ಸಿಂಕಿಗೆ ಸುರಿದಳು. ಹಾಲು ಹರಿದು ಹೋಗುವ ಸದ್ದು ಬಹಳ ಹೊತ್ತು ಕೇಳಿಸಿತು. ಅವಳು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅಜ್ಜಿಗೆ.

ಫ್ರಿಜ್ಜು ಇದ್ದದ್ದು ಮನೆಯ ಹಿಂದಿನ ಕೋಣೆಯಲ್ಲಿ. ಕೋಣೆ ಅನ್ನುವುದಕ್ಕಿಂತ ಮೂರು ಗೋಡೆಗೆ ತಗಡಿನ ಸೂರು ಹೊದಿಸಿದ ಜಾಗ. ಬಟ್ಟೆ ಒಗೆಯುವ ಮೆಷೀನು, ಹಳೆಯ ಸೈಕಲ್ಲು, ಏಣಿ ಎಲ್ಲ ಅಲ್ಲೇ. ಮೊದಲು ಫ್ರಿಜ್ಜು ಅಡುಗೆಮನೆಯಲ್ಲಿತ್ತು. ಹತ್ತು ದಿನದ ಹಿಂದೆ, ಮನೆಯಲ್ಲೆಲ್ಲ ಬೆಚ್ಚಗಿನ ಮೂಲೆ ಅದೇ, ತೊಟ್ಟಿಲು ಅಲ್ಲಿರಲಿ ಎಂದು ಸೊಸೆ ಹೇಳಿದ್ದಳು. ಮಗ ಪಕ್ಕದ ಮನೆಯವನನ್ನು ಕರೆದುಕೊಂಡು ಫ್ರಿಜ್ಜನ್ನು ಹಿಂದಕ್ಕೆ ಸಾಗಿಸಿದ್ದ. ಅದಾಗಿ ಐದಾರು ದಿನಕ್ಕೆ ಚಳಿ ಜೋರಾಯಿತು. ಎಂಥ ಚಳಿ ಅಂದರೆ, ಬೆಳಿಗ್ಗೆ ಹಿಂದಿನ ಕೋಣೆಯ ನಲ್ಲಿ ಹಿಡಿದರೆ ಬೆರಳು ಅಲ್ಲೇ ಅಂಟಿಕೊಂಡ ಹಾಗಾಗುತ್ತಿತ್ತು.

ಮಧ್ಯಾಹ್ನ ಸೊಸೆ ಒಂದು ಬಟ್ಟಲು ನೀರನ್ನು ಫ್ರೀಜರಿನಲ್ಲಿಟ್ಟಳು. ಅಗಲವಾದ ಬಿಳಿ ಅಂಟುಪಟ್ಟಿ ತಂದು ಸ್ವಿಚ್ಚಿನ ಮೇಲೆ ಅಡ್ಡ ಹಚ್ಚಿ, ಅದರ ಮೇಲೆ 'ಮುಟ್ಟಬೇಡಿ' ಎಂದು ಬರೆದಳು. ಚೀಲದ ಮೇಲಿದ್ದವೇ ಮುತ್ತಿನ ಅಕ್ಷರಗಳು.

ಸಂಜೆ ನೋಡಿದರೆ ಬಟ್ಟಲಿನ ನೀರು ನೀರಾಗಿಯೇ ಇತ್ತು.

"ಕೆಟ್ಟೇ ಹೋಯ್ತು ಅಂತ ಕಾಣುತ್ತೆ. ಆಫು ಆನು ಮಾಡಿ ಮಾಡಿ ಮೋಟಾರ್ ಸುಟ್ಟಿರಬೇಕು," ಎಂದ ಮಗ. ರಿಪೇರಿಯವರಿಗೆ ಫೋನ್ ಮಾಡಿದ. ಆಮೇಲೆ ಗಂಡ ಹೆಂಡತಿ ಇಬ್ಬರೂ ಅಡುಗೆಮನೆಯಲ್ಲಿ ದನಿ ತಗ್ಗಿಸಿ ಮಾತಾಡಿದರು. ದನಿ ತಗ್ಗಿಸಿದ್ದಕ್ಕೇ ಅಜ್ಜಿಯ ಕಿವಿ ಚುರುಕಾಯಿತು.

"ಹಾಲು ಹೋದ್ರೆ ಹೋಯ್ತು ರೀ, ಮತ್ತೆ ಹಿಂಡ್ತೀನಿ. ಆದ್ರೆ ಅತ್ತೆಗೆ ತಾನು ಮಾಡಿದ್ದೇ ಗೊತ್ತಾಗಿಲ್ಲ ಅಂದ್ರೆ? ನಾಳೆ ಗ್ಯಾಸು, ಬಿಸಿನೀರು... ಐದು ತಿಂಗಳ ಕೂಸು."

"ಶಿಶುಕೇಂದ್ರದವರನ್ನ ಕೇಳಿ ನೋಡ್ಲಾ? ಎರಡು ಬೀದಿ ಆಚೆ ಇದೆಯಲ್ಲ."

"ಅತ್ತೆಗೆ ಹೇಗೆ ಹೇಳೋದು?"

ಅಜ್ಜಿ ತನ್ನ ಕೋಣೆಯಲ್ಲಿ ಮಂಚದ ಮೇಲೆ ಕೂತಿದ್ದಳು. ತೊಡೆಯ ಮೇಲೆ ಗುಬ್ಬಿ, ಅಜ್ಜಿಯ ಕಿರುಬೆರಳನ್ನು ಬಿಗಿಯಾಗಿ ಹಿಡಿದು ನಿದ್ದೆ ಹೋಗಿತ್ತು. ಅಜ್ಜಿ ಕಣ್ಣು ಮುಚ್ಚಿ, ಹಿಂದಿನ ಕೋಣೆಗೆ ಮನಸ್ಸಿನಲ್ಲೇ ಹೋಗಿ ನಿಂತು ನೋಡಿದಳು. ಒದ್ದೆ ಬಟ್ಟೆಯ ಬುಟ್ಟಿ. ಮೆಷೀನಿನ ಸ್ವಿಚ್ಚು, ಟಪ್. ಆಮೇಲೆ? ಮತ್ತೊಂದು ಟಪ್ ಕೇಳಿಸಿತೇ? ಮೊದಲ ಸಲ ಕೇಳಿಸಲಿಲ್ಲ. ನಾಲ್ಕನೆಯ ಸಲ ಹೋಗಿ ನಿಂತಾಗ ಕೇಳಿಸಿದಂತಾಯಿತು. ಹತ್ತನೆಯ ಸಲಕ್ಕೆ ಬೆರಳ ತುದಿಗೆ ಆ ಸ್ವಿಚ್ಚಿನ ತಂಪೂ ತಾಕಿತು.

ಗುಬ್ಬಿಯನ್ನು ಎತ್ತಿಕೊಂಡು ಅಡುಗೆಮನೆಗೆ ಬಂದಳು.

"ನಾನೇ ಆಫ್ ಮಾಡಿರಬೇಕು ಕಣಮ್ಮ," ಎಂದಳು. "ಈಗ ನೆನಪಾಯ್ತು. ಗುಬ್ಬೀನ ಆ ಕೇಂದ್ರಕ್ಕೇ ಕಳಿಸಿ. ಅಲ್ಲಿ ಆಡೋಕೆ ಮಕ್ಕಳಿರ್ತಾವೆ. ನನಗೂ ಸೊಂಟ ನೋವು."

ಸೊಂಟ ನೋವಿನ ಮಾತು ಅವಳು ಅಲ್ಲಿವರೆಗೆ ಯಾವತ್ತೂ ಆಡಿರಲಿಲ್ಲ. ಮಗ ತಲೆ ತಗ್ಗಿಸಿದ. ಸೊಸೆ ಗುಬ್ಬಿಯ ಟೋಪಿ ಸರಿಮಾಡಿದಳು.

ಮರುದಿನ ಬೆಳಿಗ್ಗೆ ರಿಪೇರಿಯವಳು ಬಂದಳು. ನಡುವಯಸ್ಸಿನ, ದೊಡ್ಡ ಮೈಯ ಹೆಂಗಸು. ಗಂಡಸರ ಸ್ವೆಟರು, ಹೆಗಲಲ್ಲಿ ಉಪಕರಣದ ಚೀಲ. ಚೀಲ ಇಳಿಸಿದವಳೇ ಫ್ರಿಜ್ಜನ್ನು ತಬ್ಬಿಕೊಂಡ ಹಾಗೆ ನಿಂತು ಅದರ ಮೈಗೆ ಕಿವಿ ಹಚ್ಚಿದಳು. ಕೆಳಗಿನ ಬಾಗಿಲು ತೆರೆದು ಒಳಗೆ ಕೈಯಿಟ್ಟಳು. ತೆಗೆದು ಹೊರಗಿನ ಗಾಳಿಯಲ್ಲಿ ಹಿಡಿದಳು. ಬಾಯಿ ತೆರೆದು "ಹಾ" ಎಂದು ಉಸಿರು ಬಿಟ್ಟಳು. ಉಸಿರು ಹೊಗೆಯಾಗಿ ಹೋಯಿತು.

"ಇಲ್ಲಿಗೆ ಯಾವಾಗ ತಂದು ನಿಲ್ಲಿಸಿದ್ರಿ ಇದನ್ನ?"

"ಹತ್ತು ಹನ್ನೊಂದು ದಿನ ಆಯ್ತು," ಎಂದ ಮಗ. "ನಿನ್ನೆ ಸ್ವಿಚ್ಚಿಗೆ ಪಟ್ಟಿ ಹಾಕಿ ಒಂದು ಬಟ್ಟಲು ನೀರಿಟ್ರೆ ಅದೂ ಗಟ್ಟಿಯಾಗಿಲ್ಲ. ಮೋಟಾರ್ ಹೋಗಿದೆ ಅಲ್ವಾ?"

"ಒಂದು ಲೋಟ ಬಿಸಿನೀರು ಕೊಡಿ."

ಸೊಸೆ ಒಳಗೆ ಹೋಗಿ ಹಬೆಯಾಡುವ ಲೋಟ ತಂದು ಅವಳ ಕೈಗೆ ಕೊಟ್ಟಳು. ಕುಡಿಯುವುದಕ್ಕಿರಬೇಕು ಅಂದುಕೊಂಡಿದ್ದರು ಎಲ್ಲರೂ. ರಿಪೇರಿಯವಳು ಅದನ್ನು ಫ್ರಿಜ್ಜಿನ ಕೆಳಭಾಗದಲ್ಲಿ, ಒಳಗೋಡೆಯ ಪುಟ್ಟ ಪೆಟ್ಟಿಗೆಯ ಹತ್ತಿರ ಇಟ್ಟು ಬಾಗಿಲು ಹಾಕಿದಳು. ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತು ಕೈ ಉಜ್ಜಿಕೊಂಡಳು.

"ಈಗ ಕಾಯಬೇಕು."

"ಫ್ರಿಜ್ಜಿಗೆ ಬಿಸಿನೀರಾ?" ಮಗ ನಕ್ಕ. "ಶೀತ ಆಗಿದೆಯಾ ಇದಕ್ಕೆ?"

"ನಗಿ ನಗಿ. ಆಮೇಲೆ ನಾನು ನಗ್ತೀನಿ."

ಅಜ್ಜಿ ಬಾಗಿಲಲ್ಲಿ ನಿಂತೇ ಇದ್ದಳು. ಅವಳಿಗೆ ನಗು ಬರಲಿಲ್ಲ. ಸ್ವಿಚ್ಚಿನ ಮೇಲಿನ ಬಿಳಿ ಪಟ್ಟಿಯನ್ನು ರಿಪೇರಿಯವಳು ಓದಿ ಮುಗಿಸಿದ್ದನ್ನು ಅವಳು ನೋಡಿದ್ದಳು. ಹೊರಗಿನ ಹೆಂಗಸಿನ ಮುಂದೆ ತನ್ನ ಮರೆವು ಹೀಗೆ ಗೋಡೆಗೆ ಅಂಟಿಕೊಂಡಿರುವುದಕ್ಕೆ ಮೈಯೆಲ್ಲ ಹಿಡಿಯಾಯಿತು. ಹತ್ತು ನಿಮಿಷವಾಗಿರಬೇಕು.

ಫ್ರಿಜ್ಜು ಒಮ್ಮೆ ಮೈ ಕೊಡವಿತು. ಆಮೇಲೆ ಗುರ್ರ್ ಎಂದು ಓಡತೊಡಗಿತು.

"ಕೇಳಿಸ್ತಾ?" ರಿಪೇರಿಯವಳು ಎದ್ದಳು. "ಇದಕ್ಕೇನೂ ಆಗಿಲ್ಲ. ಆಗಿರೋದು ಈ ಜಾಗಕ್ಕೆ. ನೋಡಿ, ಇಂಥ ಫ್ರಿಜ್ಜಿಗೆ ಚಳಿ ಅಳೆಯೋ ಸಾಧನ ಒಂದೇ, ಅದೂ ಕೆಳಗಡೆ, ನಾನು ಬಿಸಿನೀರಿಟ್ಟ ಕಡೆ. ಕೆಳಗೆ ಬೆಚ್ಚಗಾದ್ರೆ ಮಾತ್ರ ಅದು ಮೋಟಾರನ್ನ ಎಬ್ಬಿಸೋದು. ಇಲ್ಲಿ ಕೋಣೆನೇ ಫ್ರಿಜ್ಜಿನಷ್ಟು ತಣ್ಣಗಿದೆ. ಇನ್ನೇನು ಕೆಲಸ ಅಂತ ಅದು ಮಲಗಿಬಿಡುತ್ತೆ. ಮೇಲಿನ ಫ್ರೀಜರಿಗೆ ಬೇಕಾಗಿರೋದು ಇದಕ್ಕಿಂತ ಎಷ್ಟೋ ಜಾಸ್ತಿ ಚಳಿ. ಆದ್ರೆ ಅದರ ಗೋಳು ಕೇಳೋರು ಯಾರು? ಮೆಲ್ಲಗೆ ಕರಗುತ್ತೆ. ಪ್ರತಿ ಚಳಿಗಾಲ ಹತ್ತು ಮನೆಯಲ್ಲಿ ಇದೇ ಕಥೆ."

"ಚಳಿಗೆ ಕರಗೋದು ಅಂದ್ರೆ..." ಎಂದ ಮಗ.

ಅಜ್ಜಿ ಒಂದು ಹೆಜ್ಜೆ ಮುಂದೆ ಬಂದಳು. "ಅಲ್ಲಮ್ಮ, ಯಾರಾದ್ರೂ... ಮರೆತು ಒಂದು ರಾತ್ರಿ ಆಫ್ ಮಾಡಿದ್ರೆ?"

ರಿಪೇರಿಯವಳು ಅವಳನ್ನು ನೋಡಿದಳು, ಬಿಳಿ ಪಟ್ಟಿಯನ್ನು ನೋಡಿದಳು, ಮತ್ತೆ ಅವಳನ್ನು ನೋಡಿದಳು.

"ಒಳಗೆ ತುಂಬಿತ್ತಾ ಫ್ರೀಜರು?"

"ಇಪ್ಪತ್ತಾರು ಚೀಲ," ಎಂದಳು ಸೊಸೆ, ಮೆಲ್ಲಗೆ.

"ಹಾಗಾದ್ರೆ ಕೇಳಿ ಅಮ್ಮಾ. ತುಂಬಿದ ಫ್ರೀಜರು ಒಂದು ರಾತ್ರಿಗೆಲ್ಲ ಹೀಗೆ ನೀರಾಗಲ್ಲ, ಅದೂ ಈ ಚಳಿಯಲ್ಲಿ. ಇದು ಮೂರು ನಾಲ್ಕು ದಿನದ ಕೆಲಸ. ಅದೂ ಅಲ್ಲದೆ, ನಿನ್ನೆಯಿಂದ ಸ್ವಿಚ್ಚಿಗೆ ಪಟ್ಟಿ ಹಾಕಿದ್ದೀರಲ್ಲ, ನೀರು ಗಟ್ಟಿಯಾಯ್ತಾ? ಯಾರು ಆಫ್ ಮಾಡಿದ್ರು ಮತ್ತೆ?" ಚೀಲ ಹೆಗಲಿಗೇರಿಸಿದಳು. "ಒಳಗೆ ಬೆಚ್ಚಗಿರೋ ಕಡೆ ಇಟ್ಟುಕೊಳ್ಳಿ. ತಣ್ಣಗೆ ಮಾಡೋ ಮೆಷೀನಿಗೂ ಸ್ವಲ್ಪ ಬೆಚ್ಚಗಿರಬೇಕು. ನಾನು ಬರ್ತೀನಿ."

ಅವಳು ಹೋದ ಮೇಲೆ ಹಿಂದಿನ ಕೋಣೆಯಲ್ಲಿ ಫ್ರಿಜ್ಜೊಂದೇ ಮಾತಾಡುತ್ತಿತ್ತು. ಮಗ ಸೈಕಲ್ಲಿನ ಗಂಟೆಯನ್ನು ಸುಮ್ಮನೆ ತಿರುಗಿಸಿದ.

"ಇಲ್ಲಿ ತಂದಿಟ್ಟವನು ನಾನು. ಸಿಕ್ಕಿಬಿದ್ದವಳು ನೀನು," ಎಂದ.

"ಯಾರಿಗೆ ಗೊತ್ತಿತ್ತು ಬಿಡಪ್ಪ," ಎಂದಳು ಅಜ್ಜಿ.

ಸೊಸೆ ಮಾತ್ರ ಅಲ್ಲಾಡಲಿಲ್ಲ. "ಅತ್ತೆ, ಮತ್ತೆ ನಿನ್ನೆ ನೀವೇ ಹೇಳಿದ್ರಿ? ಆಫ್ ಮಾಡಿದ್ದು ನೆನಪಾಯ್ತು ಅಂತ?"

ಅಜ್ಜಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ನೀವಿಬ್ಬರೂ ಅಷ್ಟು ಖಂಡಿತವಾಗಿ ಹೇಳಿದ್ರಿ. ನಾನೂ ಕೂತು ನೆನಪು ಮಾಡ್ಕೊಂಡೆ. ಮಾಡ್ಕೊಳ್ತಾ ಮಾಡ್ಕೊಳ್ತಾ ನೆನಪಾಗಿಬಿಡ್ತು ಕಣೆ. ಸ್ವಿಚ್ಚಿನ ಸದ್ದೂ ಕೇಳಿಸ್ತು."

ಒಳಗಿನಿಂದ ಗುಬ್ಬಿ ಎದ್ದು ರಾಗ ತೆಗೆಯಿತು. ಅತ್ತೆ ಸೊಸೆ ಇಬ್ಬರೂ ಒಟ್ಟಿಗೇ ತಿರುಗಿದರು. ಎರಡು ಹೆಜ್ಜೆ ಇಟ್ಟ ಸೊಸೆ ಬಾಗಿಲ ಬಳಿ ನಿಂತುಬಿಟ್ಟಳು, ಅತ್ತೆಗೆ ದಾರಿ ಬಿಟ್ಟು.

ಭಾನುವಾರ ಫ್ರಿಜ್ಜು ಅಡುಗೆಮನೆಗೆ ವಾಪಸು ಬಂತು. ತೊಟ್ಟಿಲು ಅಜ್ಜಿಯ ಮಂಚದ ಪಕ್ಕಕ್ಕೆ ಹೋಯಿತು. ಶಿಶುಕೇಂದ್ರದ ಮಾತನ್ನು ಯಾರೂ ಎತ್ತಲಿಲ್ಲ. ಸೊಸೆ ಎರಡು ದಿನವೂ ಬಿಡುವಾದಾಗಲೆಲ್ಲ ಹಾಲು ಹಿಂಡಿ, ಹೊಸ ಚೀಲಗಳ ಮೇಲೆ ತಾರೀಖು ಬರೆದಳು. ಒಂದು ದಿನಕ್ಕಾಗುವಷ್ಟು ಸೇರಿತು, ನಾಲ್ಕು ಚೀಲ.

ಸೋಮವಾರ ಬೆಳಿಗ್ಗೆ ಅವಳು ಸಿದ್ಧಳಾಗಿ ನಿಂತಾಗ ಕೈಯಲ್ಲೊಂದು ಮಡಿಸಿದ ಕಾಗದವಿತ್ತು. ಏನೇನು ಯಾವಾಗ ಮಾಡಬೇಕು ಎಂದು ಕೇಂದ್ರದವರಿಗಾಗಿ ಶುಕ್ರವಾರ ಬರೆದಿಟ್ಟ ಉದ್ದದ ಪಟ್ಟಿ. ಅದನ್ನು ಅತ್ತೆಗೆ ಕೊಡಬೇಕೋ ಬೇಡವೋ ಎಂದು ಒಂದು ಗಳಿಗೆ ನೋಡಿ, ತನ್ನ ಕೈಚೀಲಕ್ಕೆ ಹಾಕಿಕೊಂಡಳು.

"ಹತ್ತಕ್ಕೆ ಒಂದು ಸಲ ಕುಡಿಸಿ ಅತ್ತೆ. ಆಮೇಲೆ... ನಿಮಗೇ ಗೊತ್ತಲ್ಲ."

"ಹೋಗಿ ಬಾ. ಬಸ್ಸು ತಪ್ಪೀತು."

ಬಾಗಿಲು ಹಾಕಿಕೊಂಡ ಮೇಲೆ ಅಜ್ಜಿ ಗುಬ್ಬಿಯನ್ನು ಹೆಗಲಿಗೆ ಹಾಕಿ, ಕಂಬಳಿ ಹೊದಿಸಿ, ಒಗೆದ ಬಟ್ಟೆ ತೆಗೆಯಲು ಹಿಂದಿನ ಕೋಣೆಗೆ ಹೋದಳು. ಫ್ರಿಜ್ಜು ಇದ್ದ ಜಾಗದಲ್ಲಿ ನೆಲದ ಮೇಲೆ ಧೂಳಿನ ಚೌಕ ಉಳಿದಿತ್ತು. ಗೋಡೆಯ ಸ್ವಿಚ್ಚಿನ ಮೇಲೆ ಪಟ್ಟಿ ಇರಲಿಲ್ಲ. ಯಾರೋ ಉಗುರಿನಿಂದ ಕೆರೆದು ಕೆರೆದು ತೆಗೆದಿದ್ದರು. ಅಂಟಿನ ಗುರುತು ಮಾತ್ರ ಮಸುಕಾಗಿ ಉಳಿದಿತ್ತು.

ಬುಟ್ಟಿ ತುಂಬಿಸಿ, ಮೆಷೀನಿನ ಸ್ವಿಚ್ಚು ಆರಿಸಿದಳು. ಟಪ್. ಅಲ್ಲೇ ಸ್ವಲ್ಪ ಹೊತ್ತು ನಿಂತು ಕಿವಿಗೊಟ್ಟಳು. ಹೆಗಲ ಮೇಲೆ ಗುಬ್ಬಿಯ ಬೆಚ್ಚನೆಯ ಉಸಿರು. ಒಳಗೆ ಅಡುಗೆಮನೆಯಲ್ಲಿ ಫ್ರಿಜ್ಜು ಒಮ್ಮೆ ಮೈ ಕೊಡವಿ, ಓಡತೊಡಗಿತು.